ಹತ್ತು ದಿನದ ಮಾತ್ರೆ

‘ಉಚಿತ ವೈದ್ಯಕೀಯ ಶಿಬಿರ’ ಎಂದು ಬರೆದ ಬ್ಯಾನರು ಕಂಡರೆ ಈಗೀಗ ನನಗೆ ಸಿಟ್ಟು ಬರುತ್ತದೆ. ಹೀಗೆಂದರೆ, ಯಾರೋ ಪುಣ್ಯಾತ್ಮರು ದೂರದಿಂದ ಬಂದು ಬಡವರಿಗೆ ಧರ್ಮಕ್ಕೆ ಮದ್ದು ಕೊಟ್ಟು ಹೋಗುತ್ತಾರೆ, ಈ ಟೀಚರಿಗೇನು ಹೊಟ್ಟೆಯುರಿ ಎಂದು ನೀವು ಕೇಳಬಹುದು. ಕೇಳಿ. 2010ರಿಂದ ಅಂಥ ಶಿಬಿರಗಳಲ್ಲಿ ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತು ಹೆಸರು, ಪ್ರಾಯ ಬರೆದುಕೊಂಡವಳು, ಡಾಕ್ಟರರ ಪಕ್ಕ ನಿಂತು ರೋಗಿಯ ಮಾತನ್ನು ಅವರಿಗೂ ಅವರ ಮಾತನ್ನು ರೋಗಿಗೂ ದಾಟಿಸಿದವಳು ನಾನು. ಹೊರಗೆ ನಿಂತು ಕಲ್ಲು ಹೊಡೆಯುವವಳ ಮಾತಲ್ಲ ಇದು.

ನಮ್ಮದು ಕುಂಭಾಶಿ. ಆನೆಗುಡ್ಡೆ ಎಂದರೆ ಬೇಗ ಗೊತ್ತಾದೀತು. ಹೆದ್ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಗಣಪತಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ಅದೇ ಹೆದ್ದಾರಿಯಿಂದ ಒಳಗೆ ತಿರುಗಿ ಗೇರುಮರಗಳ ನಡುವಿನ ದಾರಿ ಹಿಡಿದರೆ ಸಿಕ್ಕುವ ಕೊರಗರ ಮನೆಗಳನ್ನು ನೋಡಿದವರು ಕಡಿಮೆ. ಬುಟ್ಟಿ ಹೆಣೆಯುವವರು, ಡೋಲು ಬಡಿಯುವವರು, ಊರಿನ ಕೊಳೆ ತೆಗೆಯುವವರು ಎಂದಷ್ಟೇ ನಮ್ಮ ಜನಕ್ಕೆ ಅವರ ಪರಿಚಯ. ಭಾರತ ಸರ್ಕಾರ ಅವರನ್ನು ಅತಿ ಹಿಂದುಳಿದ ಮೂಲ ಬುಡಕಟ್ಟುಗಳ ಪಟ್ಟಿಗೆ ಸೇರಿಸಿದ್ದು 1986ರಲ್ಲಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅವರ ಸಂಖ್ಯೆ 15 ಸಾವಿರಕ್ಕೂ ಕಡಿಮೆ. ಒಂದು ಇಡೀ ಜನಾಂಗವನ್ನು ಒಂದು ಪಟ್ಟಣದೊಳಗೆ ಕೂರಿಸಿಬಿಡಬಹುದು ಎಂದ ಹಾಗಾಯಿತು.

ಅವರ ಕೇರಿಗೆ ಒಂದು ಕ್ರೈಸ್ತ ವೈದ್ಯಕೀಯ ತಂಡ ಬರುತ್ತದೆ, ಕುಂದಾಪ್ರ ಕನ್ನಡ ಬಲ್ಲವರೊಬ್ಬರು ಬೇಕಂತೆ ಎಂದು ಯಾರೋ ನನ್ನ ಹೆಸರು ಹೇಳಿದ್ದರಿಂದ ನಾನು ಈ ಕೆಲಸಕ್ಕೆ ಸೇರಿದೆ. ತಂಡದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಜಗಳ ಆ ಹೆಸರಿನ ಮೇಲೆ ನಿಂತುಬಿಡುತ್ತದೆ, ವಿಷಯ ಪಕ್ಕಕ್ಕೆ ಹೋಗುತ್ತದೆ. ಇಬ್ಬರು ಡಾಕ್ಟರು, ಎಂಟು ಹತ್ತು ನರ್ಸಿಂಗ್ ವಿದ್ಯಾರ್ಥಿನಿಯರು, ಒಬ್ಬರು ಪಾದ್ರಿ, ನಾಲ್ಕು ಪೆಟ್ಟಿಗೆ ಮದ್ದು. ಬೆಳಿಗ್ಗೆ ಬಂದರೆ ಸಂಜೆಗೆ ವಾಪಸು.

ಮೊದಲ ದಿನವೇ ನನಗೆ ಗೊತ್ತಾದದ್ದೇನೆಂದರೆ ಭಾಷೆ ಬಾರದ ವೈದ್ಯ ಅರ್ಧ ಕುರುಡ. ಒಬ್ಬ ಹೆಂಗಸು ಬಂದು “ಮೈಯಂಗೆ ಜೀವ ಇಲ್ಲೆ ಡಾಕ್ಟ್ರೆ” ಎಂದಳು. ಘಟ್ಟದ ಮೇಲಿನ ಕನ್ನಡ ಮಾತ್ರ ಬರುತ್ತಿದ್ದ ಆ ತರುಣ ಡಾಕ್ಟರು ಗಾಬರಿಯಿಂದ ನನ್ನ ಮುಖ ನೋಡಿದರು. ತ್ರಾಣವಿಲ್ಲ, ಸುಸ್ತು ಎನ್ನುತ್ತಿದ್ದಾಳೆ ಎಂದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣದ ಹಾಗೆ ಬಿಳಿ. ಇನ್ನು ‘ಬಿಳಿ ಹೋಪುದು’ ಎಂಬ ಮಾತನ್ನು ನಮ್ಮ ಹೆಂಗಸರು ಗಂಡು ಡಾಕ್ಟರರ ಮುಂದೆ ಸತ್ತರೂ ಹೇಳುವುದಿಲ್ಲ. ಸೊಂಟನೋವು ಎನ್ನುತ್ತಾರೆ. ಸೊಂಟನೋವಿಗೆ ಮುಲಾಮು ಸಿಕ್ಕುತ್ತದೆ, ಅದನ್ನು ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಕೊರಗರಲ್ಲಿ ಹಿರಿಯರಿಗೆ ತಮ್ಮದೇ ಆದ ಭಾಷೆಯೂ ಇದೆ. 1971ರಲ್ಲೇ ಡಿ. ಎನ್. ಶಂಕರ ಭಟ್ಟರು ಅದರ ಮೇಲೆ ಪುಸ್ತಕ ಬರೆದಿದ್ದಾರೆ. ಅದರ ಗಾಳಿ ಯಾವ ಶಿಬಿರಕ್ಕೂ ತಾಗಿದ್ದನ್ನು ನಾನು ಕಾಣೆ.

ನಾನು ಕನ್ನಡ ಪಾಠ ಮಾಡುವವಳು, ಹಾಗಾಗಿ ಆಗಾಗ ಕಿಟ್ಟೆಲ್ಲರ ನೆನಪಾಗುತ್ತದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಮೊದಲು ಮಾಡಿದ್ದು ಭಾಷೆ ಕಲಿಯುವ ಕೆಲಸ. 1853ರಲ್ಲಿ ಬಂದ ಕಿಟ್ಟೆಲ್ಲರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ಎಷ್ಟು ವರ್ಷ ಎಂದು ಲೆಕ್ಕ ಹಾಕಿ. ಅವರು ಬಂದ ಉದ್ದೇಶ ಏನೇ ಇರಲಿ, ಜನ ಏನನ್ನು ಏನೆಂದು ಕರೆಯುತ್ತಾರೆ ಎಂದು ಕೇಳುವ ತಾಳ್ಮೆ ಇತ್ತು. ಈಗಿನವರಿಗೆ ನಾಲ್ಕು ಗಂಟೆಯ ಒಳಗೆ ಇನ್ನೂರು ಜನರನ್ನು ನೋಡಿ ಮುಗಿಸಬೇಕು. ಒಬ್ಬರಿಗೆ ಎಷ್ಟು ನಿಮಿಷ ಸಿಕ್ಕಿತು? ನನ್ನ ಏಳನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕ.

ಈಗ ಇನ್ನೊಂದು ಕಡೆಯವರ ಕಡೆಗೆ ತಿರುಗುತ್ತೇನೆ, ಏಕೆಂದರೆ ಇಷ್ಟು ಓದಿದವರಲ್ಲಿ ಕೆಲವರು ಆಗಲೇ ಸಂತೋಷಪಟ್ಟಿರಬಹುದು. ನಾನು ಆ ತಂಡದ ವ್ಯಾನಿನಲ್ಲಿ ಕೂತದ್ದನ್ನು ಕಂಡ ನಮ್ಮೂರಿನ ಒಬ್ಬ ಹಿರಿಯರು ದಾರಿಯಲ್ಲಿ ನಿಲ್ಲಿಸಿ ಕೇಳಿದರು: “ಅಲ್ಲ ಟೀಚ್ರೆ, ನೀವ್ ಆ ಕಿರಿಸ್ತಾನ್ರ ಒಟ್ಟಿಗೆ ತಿರ್ಗುದ್ ಎಂತಕ್ಕೆ? ಮತಾಂತರ ಮಾಡೂಕ್ ಬಂದವ್ರಲ್ದಾ ಅವ್ರ್?” ನಾನು ಕ್ರೈಸ್ತಳಲ್ಲ. ಸಂಕಷ್ಟಿಯ ದಿನ ಉಪವಾಸ ಮಾಡಿ ಆನೆಗುಡ್ಡೆಗೆ ಹೋಗುವವಳು. “ಆಯ್ತ್ ಮಾರಾಯ್ರೆ, ಅವ್ರ್ ಬಪ್ಪುದ್ ಬ್ಯಾಡ. ನೀವ್ ಬನ್ನಿ. ಬಿ.ಪಿ. ಕಾಂಬುಕೆ ನಾನೇ ಕಲ್ಸಿ ಕೊಡ್ತೆ” ಎಂದೆ. ಅವರಿಗೆ ಆ ದಿನ ತುರ್ತು ಕೆಲಸವಿತ್ತು, ಹೋದರು.

ಇಂಥವರ ಹತ್ತಿರ ನನಗೆ ಕೇಳಲಿಕ್ಕಿರುವುದು ಒಂದೇ. ಅಜಲು ಎಂಬ ಪದ್ಧತಿ ನಿಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಯ ಬಸುರಿಯ ಪೀಡೆ, ಮಗುವಿನ ಕಾಯಿಲೆ ಕಳೆಯಲೆಂದು ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಲು ಕೊಡುತ್ತಿದ್ದರಲ್ಲ, ಕೊಟ್ಟವರು ಯಾವ ದೇಶದಿಂದ ಬಂದವರು? ಅದನ್ನು ನಿಲ್ಲಿಸಲು 2000ದಲ್ಲಿ ಕರ್ನಾಟಕ ಸರ್ಕಾರ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ತಲೆತಲಾಂತರ ನಮ್ಮ ರೋಗವನ್ನು ಅವರಿಗೆ ಉಣ್ಣಿಸಿದವರು ನಾವು. ಈಗ ಯಾರೋ ಬಂದು ಅವರ ನಾಡಿ ಹಿಡಿದರೆ “ಇವರ ಉದ್ದೇಶವೇನು?” ಎಂದು ವಿಚಾರಣೆಗೆ ಹೊರಡುತ್ತೇವೆ! ಮುಟ್ಟದೆ ಇದ್ದವರ ಉದ್ದೇಶವನ್ನು ಯಾರೂ ಕೇಳುವುದಿಲ್ಲ. ನಮ್ಮವರೇ ಒಬ್ಬರು ಮುಟ್ಟಲು ಹೊರಟಾಗಲಾದರೂ ಬಿಟ್ಟಿದ್ದೇವೆಯೇ? ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅವರಿಗೆ ಸಿಕ್ಕಿದ್ದು ಬಹಿಷ್ಕಾರ. ಅವರ ಕೈಯಲ್ಲಿ ಬೈಬಲ್ ಇರಲಿಲ್ಲವಲ್ಲ.

ಹಾಗೆಂದು ಪಾದ್ರಿಗಳಿಗೆ ನಾನು ರಿಯಾಯಿತಿ ಕೊಡುವುದಿಲ್ಲ. ಒಂದು ವರ್ಷ ಮದ್ದು ಕೊಡುವ ಮೊದಲು ಎಲ್ಲರನ್ನೂ ಕೂರಿಸಿ ಮುಕ್ಕಾಲು ಗಂಟೆ ಉಪದೇಶ ನಡೆಯಿತು. ಜ್ವರ ಬಂದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಎದ್ದು ಹೋಗುವಂತಿಲ್ಲ, ಹೋದರೆ ಸರದಿ ತಪ್ಪುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ ತಂಡದ ಮುಖ್ಯಸ್ಥರಿಗೆ ಎಲ್ಲರ ಎದುರೇ ಹೇಳಿದೆ: ನೀವು ನಿಮ್ಮ ನಿಮ್ಮಲ್ಲೇ ಪ್ರಾರ್ಥನೆ ಮಾಡಿ ಕೆಲಸ ಶುರುಮಾಡಿ, ಅದು ನಿಮ್ಮ ಶ್ರದ್ಧೆ, ನಾನೂ ಕೈಮುಗಿದು ನಿಲ್ಲುತ್ತೇನೆ. ಆದರೆ ಮಾತ್ರೆಗೆ ಬಂದವರನ್ನು ಭಾಷಣಕ್ಕೆ ಕಟ್ಟಿಹಾಕಿದರೆ ಮುಂದಿನ ಸಲ ನನ್ನ ಬಾಯಿ ನಿಮಗೆ ಸಿಕ್ಕುವುದಿಲ್ಲ. ಒಪ್ಪಿದರು. ಆಮೇಲೆ ಹಾಗಾಗಲಿಲ್ಲ. ಇನ್ನು ನಮ್ಮ ಕ್ಲಬ್ಬುಗಳು, ಸಂಘಗಳು ನಡೆಸುವ ಶಿಬಿರಗಳ ಉದ್ಘಾಟನೆ, ಹಾರ, ಶಾಲು, ಸ್ವಾಗತ ಭಾಷಣ, ವಂದನಾರ್ಪಣೆಗಳ ಉಪದೇಶ ಇದಕ್ಕಿಂತ ದೊಡ್ಡದು. ಅಲ್ಲಿ ಯಾರಿಗೆ ಹೇಳುವುದು?

ನನ್ನ ಜಗಳ ಬೇರೆ. ಅದನ್ನು ಹೇಳಲು ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಆಕೆಯ ಮಗಳು ನಮ್ಮ ಶಾಲೆಯಲ್ಲಿ ಓದುತ್ತಿದ್ದಳು. ಆಕೆಗೆ ಆಗ ನಲವತ್ತರ ಹತ್ತಿರ. ಬಿಳಲು ಹೆಣೆದು ಮಾಡುತ್ತಿದ್ದ ಆಕೆಯ ಬುಟ್ಟಿಗೆ ನೀರು ಹೊಯ್ದರೂ ನಿಂತೀತು ಎನ್ನುವಷ್ಟು ಬಿಗಿ. 2012ರ ಜನವರಿಯ ಶಿಬಿರದಲ್ಲಿ ಬಿ.ಪಿ. ನೋಡಿದಾಗ 190ರ ಮೇಲೆ 110. ಡಾಕ್ಟರು ಎರಡು ಸಲ ನೋಡಿದರು. ಹತ್ತು ದಿನಕ್ಕೆ ಹತ್ತು ಮಾತ್ರೆ ಕೊಟ್ಟು, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಚೀಟಿ ಬರೆದರು. ನಾನು ಅದನ್ನು ಬಿಡಿಸಿ ಹೇಳಿದೆ. ಆಕೆ ತಲೆಯಾಡಿಸಿದಳು. ಅಷ್ಟರಲ್ಲಿ ಕ್ಯಾಮರಾದವನು ಬಂದು ಆಕೆಯ ತೋಳಿಗೆ ಪಟ್ಟಿ ಕಟ್ಟಿದ ಚಿತ್ರ ತೆಗೆದುಕೊಂಡ. ನಗುತ್ತಿದ್ದ ಆ ಚಿತ್ರ ಅವರ ವರದಿಯ ಹೊದಿಕೆಯ ಮೇಲೆ ಬಂತು. ಚಂದದ ಕಾಗದ, ನನಗೂ ಒಂದು ಪ್ರತಿ ಕಳಿಸಿದ್ದರು.

ಅದೇ ನವೆಂಬರಿನಲ್ಲಿ ಆಕೆಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋಯಿತು, ಮಾತು ತೊದಲಾಯಿತು. ನೋಡಲು ಹೋದಾಗ ಮಾತ್ರೆಯ ವಿಷಯ ಕೇಳಿದೆ. “ಮಾತ್ರಿ ಮುಗೀತಲೆ ಟೀಚ್ರೆ, ಕಾಯ್ಲಿಯೂ ಮುಗೀತ್ ಅಂದ್ಕಂಡೆ. ಮತ್ತೂ ಬೇಕಿದ್ರೆ ಅವ್ರೇ ಬತ್ತಿದ್ರಲೆ” ಎಂದಳು. ಇದರಲ್ಲಿ ಆಕೆಯ ತಪ್ಪೇನಿದೆ? ಜ್ವರಕ್ಕೆ ಮೂರು ದಿನದ ಮಾತ್ರೆ ಕೊಟ್ಟರೆ ಮೂರು ದಿನಕ್ಕೆ ಜ್ವರ ಹೋಗುತ್ತದೆ. ಹತ್ತು ದಿನದ ಮಾತ್ರೆ ಕೊಟ್ಟರೆ ಹತ್ತು ದಿನದ ಕಾಯಿಲೆ ಎಂದಲ್ಲವೇ ಅರ್ಥ? ಚೀಟಿ ಹಿಡಿದು ಆಸ್ಪತ್ರೆಗೆ ಹೋಗಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ದುಡ್ಡು ಬೇಕು, ಸಾಲಿನಲ್ಲಿ ನಿಂತಾಗ ಪಕ್ಕದವರು ಸರಿದು ನಿಲ್ಲುವುದನ್ನು ನೋಡಬೇಕು. ತಲೆ ತಿರುಗದೆ, ನೋವಿಲ್ಲದೆ ಇರುವ ಕಾಯಿಲೆಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ನೀವು ಮಾಡುತ್ತೀರಾ?

ತಂಡದ ಮುಖ್ಯಸ್ಥರಿಗೆ ಫೋನು ಮಾಡಿ ತಿಳಿಸಿದೆ. ಬಹಳ ವ್ಯಥೆಪಟ್ಟರು, ಸುಳ್ಳು ಹೇಳಬಾರದು. ಆದರೆ ಕೊನೆಗೆ ಅವರೆಂದದ್ದು, “ಮೇಡಂ, ನಮ್ಮ ಕೈಲಾದದ್ದು ನಾವು ಮಾಡಿದ್ದೇವೆ. ಈ ವರ್ಷ ಬೇರೆ ಜಿಲ್ಲೆಯನ್ನು ಆರಿಸಿಕೊಂಡಿದ್ದೇವೆ.” ಬೇರೆ ಜಿಲ್ಲೆಯಲ್ಲಿ ಬೇರೆ ಇನ್ನೂರು ಜನ, ಬೇರೆ ಚಿತ್ರ.

ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಸಾಯುವ ತನಕ ಜತೆಗಿರುವಂಥವು. ಅದಕ್ಕೆ ಮಾತ್ರೆಯೂ ಸಾಯುವ ತನಕ. ಕ್ಷಯಕ್ಕೆ ಆರು ತಿಂಗಳು ದಿನ ತಪ್ಪದೆ ಮದ್ದು ಬೇಕು. ಎರಡನೆಯ ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟರೆ ರೋಗ ಹಟ ಹಿಡಿದು ಮರಳುತ್ತದೆ, ಆಮೇಲೆ ಆ ಮದ್ದಿಗೆ ಬಗ್ಗುವುದಿಲ್ಲ. ಅದಕ್ಕೇ ರೋಗಿ ಎದುರೇ ನುಂಗಿದನೋ ಎಂದು ನೋಡುವ ಪದ್ಧತಿ ಬಂದದ್ದು. ಅನ್ನವಿಲ್ಲದೆ ಮದ್ದು ಹತ್ತುವುದಿಲ್ಲವೆಂದು ಸರ್ಕಾರ 2018ರಿಂದ ಕ್ಷಯರೋಗಿಗಳಿಗೆ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡತೊಡಗಿತು, 2024ರ ನವೆಂಬರಿನಿಂದ 1000. ರಕ್ತ ಕಡಿಮೆಯಾದವರಿಗೆ ಕೊಡುವ ಕಬ್ಬಿಣದ ಮಾತ್ರೆಯ ಕತೆಯಂತೂ ಇನ್ನೂ ಸಣ್ಣದು, ಇನ್ನೂ ಬೇಸರದ್ದು. ಅದನ್ನು ತಿಂದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ಹಾಗಾಗುವುದು ಸಹಜ ಎಂದು ಮೊದಲೇ ಹೇಳದಿದ್ದರೆ ಹೆಂಗಸರು ಹೆದರಿ ತೆಂಗಿನ ಬುಡಕ್ಕೆ ಎಸೆಯುತ್ತಾರೆ. ಚಹಾದ ಜತೆ ನುಂಗಿದರೆ ಮೈಗೆ ಹತ್ತುವುದೂ ಕಡಿಮೆ. ನಮ್ಮ ಶಾಲೆಗಳಲ್ಲಿ ಈ ಮಾತ್ರೆಯನ್ನು ವಾರಕ್ಕೊಮ್ಮೆ ಕೊಡುವ ಕ್ರಮ 2013ರಲ್ಲಿ ಬಂತು. ಊಟವಾದ ಮೇಲೆ, ಎದುರು ನಿಲ್ಲಿಸಿಕೊಂಡು ನಾವೇ ನುಂಗಿಸುತ್ತೇವೆ. ಒಂದೇ ದಿನ ಐವತ್ತೆರಡು ಮಾತ್ರೆಯ ಪೊಟ್ಟಣ ಕೊಟ್ಟು ಚಿತ್ರ ತೆಗೆಸಿಕೊಂಡು ಬಂದರೆ ಅದನ್ನು ಯಾರಾದರೂ ಕೆಲಸ ಎಂದಾರೆಯೇ? ಒಂದೇ ದಿನ ಇಡೀ ವರ್ಷದ ಪಾಠ ಮಾಡಿ ಮುಗಿಸುವ ಟೀಚರನ್ನು ಯಾವ ಊರಿನವರು ಇಟ್ಟುಕೊಳ್ಳುತ್ತಾರೆ?

ಒಂದು ಮಾತು ಒಪ್ಪುತ್ತೇನೆ. ಕಣ್ಣಿನ ಪೊರೆ ತೆಗೆಯುವ ಶಿಬಿರಗಳಿಗೆ ನನ್ನ ಆಕ್ಷೇಪವಿಲ್ಲ. ಅಲ್ಲಿ ಕೆಲಸ ಒಮ್ಮೆ ಮಾಡಿದರೆ ಬಹುಮಟ್ಟಿಗೆ ಮುಗಿಯಿತು, ಕಾಣದವರು ಕಂಡರು. ಮಿಕ್ಕ ಕಾಯಿಲೆಗಳು ಹಾಗಲ್ಲವಲ್ಲ.

ಈ ಮಿಶನ್ ಎಂಬ ಶಬ್ದದ ಮೇಲೆ ನನಗೆ ಮಮಕಾರವಿದೆ, ಅದಕ್ಕೇ ಇಷ್ಟು ಕೋಪ. ನಾನು ಹುಟ್ಟಿದ್ದು ಉಡುಪಿಯ ಮಿಶನ್ ಆಸ್ಪತ್ರೆಯಲ್ಲಿ. ತಾಯಿಯ ತವರು ಬ್ರಹ್ಮಾವರದ ಕಡೆ, ಚೊಚ್ಚಲ ಹೆರಿಗೆ ಕಷ್ಟವೆಂದಾಗ ಅಜ್ಜ ಅಲ್ಲಿಗೇ ಕರೆದುಕೊಂಡು ಹೋದರಂತೆ. ಅದರ ನಿಜವಾದ ಹೆಸರು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ. 1923ರಲ್ಲಿ ಅದನ್ನು ಶುರುಮಾಡಿದವರು ಬಾಸೆಲ್ ಮಿಶನ್ನಿನ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್. ಹೆಂಗಸರು ಗಂಡು ಡಾಕ್ಟರರಿಗೆ ಕೈ ಕೊಟ್ಟು ನಾಡಿ ತೋರಿಸಲೂ ಅಂಜುತ್ತಿದ್ದ ಕಾಲ. 2023ಕ್ಕೆ ಅದಕ್ಕೆ ನೂರು ವರ್ಷ ತುಂಬಿತು. ನೂರು ವರ್ಷ ಒಂದೇ ಊರಿನಲ್ಲಿ ಬಾಗಿಲು ತೆರೆದು ಕೂತ ಸಂಸ್ಥೆಗೂ, ನಾಲ್ಕು ಗಂಟೆಗೆ ವ್ಯಾನು ಹತ್ತುವವರಿಗೂ ಒಂದೇ ಹೆಸರು ಹೇಗಾಗುತ್ತದೆ? ಮಂಗಳೂರಿನ ಕಂಕನಾಡಿಗೆ ಹೋದರೆ ಫಾದರ್ ಮುಲ್ಲರರ ಹೆಸರಿದೆ. ಕಾಲೇಜಿನಲ್ಲಿ ಪಾಠ ಹೇಳಲೆಂದು ಬಂದ ಆ ಜರ್ಮನ್ ಜೆಸ್ವಿಟ್ ಪಾದ್ರಿ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಕೂತರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, 1910ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು. ಹೋಮಿಯೋಪತಿಯ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಮುಂದಿನ ವಾರ ಹೋದರೂ ಆ ಮನುಷ್ಯ ಅಲ್ಲೇ ಇರುತ್ತಿದ್ದ.

ವೆಲ್ಲೂರಿನ ಐಡಾ ಸ್ಕಡರ್ ಹಳ್ಳಿಗಳಿಗೆ ಹೋಗಲಿಲ್ಲವೇ ಎಂದು ಕೇಳಿದವರಿದ್ದಾರೆ. ಹೋದರು. ಆದರೆ ಹೇಗೆ ಹೋದರು? ಗುಡಿಯಾತ್ತಂ ರಸ್ತೆಯಲ್ಲಿ ವಾರಕ್ಕೊಮ್ಮೆ ಗೊತ್ತಾದ ದಿನ ಹೊರಟು, ಗೊತ್ತಾದ ಮರಗಳ ಕೆಳಗೆ ನಿಲ್ಲುತ್ತಿದ್ದರು. ಹೋದ ವಾರ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವನು ಈ ವಾರ ಬಿಚ್ಚಿಸಿಕೊಳ್ಳಲು ಅಲ್ಲೇ ಕಾಯುತ್ತಿದ್ದ. ಅಷ್ಟಕ್ಕೇ ನಿಲ್ಲದೆ 1909ರಲ್ಲಿ ಈ ದೇಶದ ಹುಡುಗಿಯರಿಗೆ ನರ್ಸಿಂಗ್, 1918ರಲ್ಲಿ ಡಾಕ್ಟರಿಕೆ ಕಲಿಸತೊಡಗಿದರು. ನನ್ನ ಕಣ್ಣಿಗೆ ಸೇವೆಯೆಂದು ಕಾಣುವುದು ಇದು: ತಾನಿಲ್ಲದಿದ್ದರೂ ನಡೆಯುವ ಹಾಗೆ ಊರಿನವರ ಕೈಗೆ ಕೆಲಸ ಕೊಡುವುದು. ನಮ್ಮ ಶಿಬಿರಗಳಿಗೆ ನರ್ಸಿಂಗ್ ಹುಡುಗಿಯರು ಬಂದದ್ದಕ್ಕೆ ಅವರಿಗೆ ಹಾಜರಿ ಸಿಕ್ಕುತ್ತದೆ. ಕೊರಗರ ಹುಡುಗಿ ಒಬ್ಬಳಾದರೂ ಆ ಬಿಳಿ ಬಟ್ಟೆ ತೊಟ್ಟು ಮೇಜಿನ ಈಚೆ ಬದಿಗೆ ಬಂದದ್ದನ್ನು ಇಷ್ಟು ವರ್ಷಗಳ ಶಿಬಿರಗಳಲ್ಲಿ ನಾನು ನೋಡಲಿಲ್ಲ. ಅವರಿಗೆ ಯಾವಾಗಲೂ ಮೇಜಿನ ಆಚೆ ಬದಿ.

ಆ ತಂಡದಲ್ಲೇ ಒಬ್ಬರು ಸಿಸ್ಟರ್ ಇದ್ದರು. ಮಿಶನ್ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತಿಯಾದ ಪ್ರಾಟೆಸ್ಟಂಟ್ ಹೆಂಗಸು, ದಪ್ಪ ಕನ್ನಡಕ, ಮಂಡಿನೋವು. ಬುಟ್ಟಿ ಹೆಣೆಯುವ ಆ ಹೆಂಗಸಿನ ಸುದ್ದಿ ನನ್ನಿಂದ ಕೇಳಿದವರು, 2013ರ ಜನವರಿಯ ಮೊದಲ ಶನಿವಾರ ಒಬ್ಬರೇ ಬಸ್ಸಿನಲ್ಲಿ ಬಂದಿಳಿದರು. ಕೈಚೀಲದಲ್ಲಿ ಬಿ.ಪಿ. ನೋಡುವ ಯಂತ್ರ, ಒಂದು ನೂರು ಪುಟದ ನೋಟ್‌ಪುಸ್ತಕ. ಆಮೇಲೆ ಪ್ರತಿ ತಿಂಗಳ ಮೊದಲ ಶನಿವಾರ ಬಂದರು. ಬ್ಯಾನರಿಲ್ಲ, ಶಾಮಿಯಾನವಿಲ್ಲ. ಮೊದಲು ಚಹಾ ಕುಡಿಯುವುದು, ಹೌದು, ಅವರ ಮನೆಯ ಲೋಟದಲ್ಲೇ, ಆಮೇಲೆ ನೋಟ್‌ಪುಸ್ತಕ ಬಿಚ್ಚುವುದು. ಇಪ್ಪತ್ತೆರಡು ಹೆಸರು, ಪ್ರತಿ ಹೆಸರಿಗೆ ಒಂದು ಪುಟ. ಮಾತ್ರೆ ತರುತ್ತಿರಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಧರ್ಮಕ್ಕೆ ಸಿಕ್ಕುತ್ತದೆ, ಅದನ್ನು ತರಿಸಿಕೊಳ್ಳುವುದನ್ನು ಕಲಿಸಬೇಕು ಎನ್ನುತ್ತಿದ್ದರು. ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸುತ್ತಿದ್ದರು. ಏಳು ವರ್ಷದಲ್ಲಿ ದೇವರ ವಿಷಯ ಮಾತಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ, ಅದೂ ಒಬ್ಬ ಮುದುಕಿ ನಿಮ್ಮ ದೇವರು ಯಾವುದಮ್ಮ ಎಂದು ತಾನಾಗಿ ಕೇಳಿದಾಗ. ಯೇಸು ಎಂದರು. “ಅದೂ ಒಳ್ಳೇ ದೇವ್ರೇ” ಎಂದಳು ಮುದುಕಿ. ಮತಾಂತರದ ಪ್ರಕರಣ ಅಲ್ಲಿಗೆ ಮುಗಿಯಿತು.

2020ರ ಮಾರ್ಚಿನಲ್ಲಿ ಬಸ್ಸು ನಿಂತಿತು, ಆಮೇಲೆ ಅವರ ಮಂಡಿಯೂ ಬಿಡಲಿಲ್ಲ. ನೋಟ್‌ಪುಸ್ತಕ ಆಶಾ ಕಾರ್ಯಕರ್ತೆಯ ಹತ್ತಿರ ಇದೆ, ಈಗ ಮೂರನೆಯದು ನಡೆಯುತ್ತಿದೆ. ಇಪ್ಪತ್ತೆರಡು ಹೆಸರಿನಲ್ಲಿ ಯಾರಿಗೂ ಆ ಏಳು ವರ್ಷದಲ್ಲಿ ಲಕ್ವ ಹೊಡೆಯಲಿಲ್ಲ. ತಮಿಳುನಾಡಿನಲ್ಲಿ 2021ರಿಂದ ಸರ್ಕಾರವೇ ಬಿ.ಪಿ., ಸಕ್ಕರೆಯ ಮಾತ್ರೆಗಳನ್ನು ಮನೆಬಾಗಿಲಿಗೆ ಮುಟ್ಟಿಸುವ ಯೋಜನೆ ಮಾಡಿದೆ. ನಮ್ಮಲ್ಲೂ 2024ರಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಎಂಬುದು ಶುರುವಾಯಿತು. ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮುದಿ ನರ್ಸಿಗೆ 2013ರಲ್ಲಿ ಹೊಳೆದದ್ದು ಸರ್ಕಾರಗಳಿಗೆ ತಡವಾಗಿ ಹೊಳೆಯಿತು, ಸಂತೋಷ. ದೂರದಿಂದ ವ್ಯಾನಿನಲ್ಲಿ ಬರುವವರಿಗೆ ಇನ್ನೂ ಹೊಳೆದಿಲ್ಲ.

ಈಚೆಗೆ ಇನ್ನೊಂದು ತಂಡದಿಂದ ನನಗೆ ಪತ್ರ ಬಂದಿದೆ. ಜನವರಿಯ ಎರಡನೆಯ ಭಾನುವಾರ ಒಂದು ದಿನದ ಶಿಬಿರ, ಕಡಿಮೆಯೆಂದರೆ ಇನ್ನೂರು ಜನ ಸೇರಬೇಕು, ಶಾಲೆಯ ಸಭಾಂಗಣ ಕೊಡಿಸಬೇಕು, ಭಾಷೆಗೆ ನಾನು ನಿಲ್ಲಬೇಕು. ನಾನು ಉತ್ತರ ಬರೆದೆ. ಇನ್ನೂರು ಬೇಡ, ಇಪ್ಪತ್ತು ಜನರನ್ನು ನೋಡಲು ಬನ್ನಿ. ಫೆಬ್ರವರಿಯಲ್ಲಿ ಯಾವ ದಿನ, ಮಾರ್ಚಿನಲ್ಲಿ ಯಾವ ದಿನ ಬರುತ್ತೀರಿ ಎಂಬುದನ್ನೂ ಇದೇ ಪತ್ರದಲ್ಲಿ ತಿಳಿಸಿ. ಕೇರಿಯಲ್ಲಿ ಪಿ.ಯು.ಸಿ. ವಿಜ್ಞಾನ ಮುಗಿಸಿದ ಇಬ್ಬರು ಹುಡುಗಿಯರಿದ್ದಾರೆ, ನಿಮ್ಮ ನರ್ಸಿಂಗ್ ಕಾಲೇಜಿನಲ್ಲಿ ಅವರಿಗೆ ಎರಡು ಸೀಟು ಕೊಡಿ, ಹಾಸ್ಟೆಲಿನ ಖರ್ಚು ನಿಮ್ಮದು. ಕ್ಯಾಮರಾ ತರಬೇಡಿ. ಇಷ್ಟಾದರೆ ಸಭಾಂಗಣದ ಬೀಗದಕೈ ಹೆಡ್ಮಾಸ್ಟರರಿಂದ ನಾನೇ ಇಸಿದುಕೊಂಡು ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದಿಟ್ಟಿರುತ್ತೇನೆ.

ಪತ್ರ ಹಾಕಿ ಮೂರು ವಾರವಾಯಿತು. ಉತ್ತರ ಬಂದಿಲ್ಲ.